ಅಗ್ರಹಾರದಿಂದ ಅಗ್ರಹಾರಗಳಿಗೆ: ನಮ್ಮ ಬಳಗದ ಊರುಸುತ್ತಿನ ಕತೆ

ನಮ್ಮ ಬಳಗಕ್ಕೆ ಯಾರು ಯಾರು ಅಧ್ಯಕ್ಷರಾಗಿದ್ದರು, ಕಟ್ಟಡಕ್ಕೆ ಹಣ ಹೇಗೆ ಕೂಡಿತು, ಉತ್ಸವಗಳ ಕಛೇರಿಗೆ ಯಾವ ವಿದ್ವಾಂಸರು ಬಂದರು ಎಂಬುದೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ಸಂಪಾದಕ ಮಂಡಳಿಯವರು ನನಗೆ ಒಪ್ಪಿಸಿರುವುದು ವಾಹನ ಸಂಚಾರದ ಭಾಗವನ್ನು. ಭಾನುವಾರ ಬೆಳಗ್ಗೆ ಮೈಸೂರಿನ ನಮ್ಮ ಅಗ್ರಹಾರದ ನೂರೊಂದು ಗಣಪತಿ ದೇವಸ್ಥಾನದ ಹತ್ತಿರ ಸೇರಿ, ಒಂದಷ್ಟು ಕಾರುಗಳು, ಕಾರಿಲ್ಲದವರಿಗಾಗಿ ಒಂದು ಟೆಂಪೋ ಟ್ರಾವೆಲರ್, ಹೀಗೆ ಹೊರಟು ಮೈಸೂರು ಸೀಮೆಯ ಯಾವುದಾದರೂ ಒಂದು ತಾಲ್ಲೂಕನ್ನು ಸುತ್ತಿ ಸಂಜೆ ಹೊತ್ತಿಗೆ ಮನೆ ಸೇರುವ ರೂಢಿ ನಮ್ಮದು. ಇದನ್ನು ಮೋಜಿನ ಪ್ರವಾಸವೆಂದು ತಿಳಿದವರೂ ಇದ್ದಾರೆ. ಮೋಜು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಳಗದ ಎಲ್ಲ ಕೆಲಸಗಳಲ್ಲಿ ನಮ್ಮ ಕೇರಿಯ ಬಗ್ಗೆ ನಮಗೆ ಹೆಚ್ಚು ಕಲಿಸಿದ್ದು ಇದೇ ಎಂದು ನಾನು ನಂಬಿದ್ದೇನೆ.

ಕೋಟೆಯ ತೆಂಕಣಕ್ಕೆ ಅರಮನೆಯ ಆಶ್ರಯದಲ್ಲಿ ಬೆಳೆದ ಈ ಅಗ್ರಹಾರದಲ್ಲಿ ಹುಟ್ಟಿದವರಿಗೆ ಊರೆಂದರೆ ರಾಮಾನುಜ ರಸ್ತೆ, ತ್ಯಾಗರಾಜ ರಸ್ತೆ, ವಾಣಿವಿಲಾಸ ಮಾರುಕಟ್ಟೆ. ಅಲ್ಲಿಂದಾಚೆ ನಂಜನಗೂಡಿನ ರಸ್ತೆ ಎಂದರೆ ಹೊರಗಿನ ಲೋಕ. ಸುತ್ತಾಡಿದ ಮೇಲೆ ಈ ಎಣಿಕೆ ತಿರುವುಮುರುವಾಯಿತು. ಹಳ್ಳಿಯ ಹುಟ್ಟುವಳಿಯನ್ನು ಓದುಬರಹದ ಮನೆಗಳಿಗೆ ತಿರುಗಿಸಿಕೊಟ್ಟ ಅಗ್ರಹಾರದ ಏರ್ಪಾಡು ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಅದರ ಲೆಕ್ಕಪತ್ರ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಬಾಗಿಲಲ್ಲಿ ಕಲ್ಲಾಗಿ ನಿಂತಿದೆ. ನಮ್ಮ ಮನೆಗಳ ಚರಿತ್ರೆಯ ಮೊದಲ ಅಧ್ಯಾಯ ನಮ್ಮ ಮನೆಗಳಲ್ಲಿಲ್ಲ. ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿದೆ.

ಹಾಗಾಗಿ ಈ ಸಂಚಾರದ ಇತಿಹಾಸವನ್ನು ನಮ್ಮ ಬಳಗದಿಂದ ಶುರುಮಾಡುವುದು ನ್ಯಾಯವಲ್ಲ. ನಾವು ಹಿಡಿದಿರುವ ದಾರಿಯನ್ನು ನೂರು ವರ್ಷಕ್ಕೂ ಹಿಂದೆಯೇ ಹಾಕಿಕೊಟ್ಟವರಿದ್ದಾರೆ.

1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಪುರಾತತ್ವ ಕೆಲಸದ ಹೊಣೆ ಹೊತ್ತು ಊರೂರಿನ ಶಾಸನಗಳನ್ನು ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಮೈಸೂರು ಜಿಲ್ಲೆಯ ಮೊದಲ ಭಾಗವಾದ ಮೂರನೆಯ ಸಂಪುಟ 1894ರಲ್ಲಿ ಬಂತು, ಎರಡನೆಯ ಭಾಗವಾದ ನಾಲ್ಕನೆಯ ಸಂಪುಟ 1898ರಲ್ಲಿ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ, ತಿ. ನರಸೀಪುರ, ನಂಜನಗೂಡು ಎಂದು ತಾಲ್ಲೂಕುವಾರು ವಿಂಗಡಿಸಿ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಮೊಟಕುರೂಪದೊಂದಿಗೆ ಒಂದು ಸಂಖ್ಯೆ ಕೊಟ್ಟು, ಯಾವ ಹಳ್ಳಿ, ಹಳ್ಳಿಯಲ್ಲಿ ಯಾವ ಕಡೆ, ಯಾರ ಹೊಲ, ಯಾವ ಗುಡಿಯ ಮುಂದೆ ಎಂದು ಬರೆದಿದ್ದಾರೆ. ಶಾಸನದ ಪಾಠಕ್ಕಿಂತ ಮೊದಲು ಬರುವ ಆ ಒಂದು ಸಾಲಿನ ವಿಳಾಸವೇ ನಮಗೆ ದಾರಿಪುಸ್ತಕ. ಈಗ ಆ ಹೊಲ ಬಡಾವಣೆಯಾಗಿರಬಹುದು, ಗುಡಿ ಹೊಸದಾಗಿ ಕಟ್ಟಿದ್ದಿರಬಹುದು. ಆದರೂ ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯರನ್ನು "ಬರವಣಿಗೆ ಕಲ್ಲು ಎಲ್ಲೈತೆ ಯಜಮಾನ್ರೇ?" ಎಂದು ಕೇಳಿದರೆ ಸಾಕು, ಯಾರಾದರೂ ಎದ್ದು ಮುಂದೆ ನಡೆಯುತ್ತಾರೆ.

ರೈಸ್ ಅವರ ನಂತರ 1906ರಿಂದ 1922ರವರೆಗೆ ಆರ್. ನರಸಿಂಹಾಚಾರ್ಯರು, ಆಮೇಲೆ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು, 1928ರಿಂದ ಎಂ. ಎಚ್. ಕೃಷ್ಣ ಅವರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದರು. ಪ್ರತಿ ವರ್ಷ ಇಲಾಖೆ ಅಚ್ಚು ಹಾಕಿಸುತ್ತಿದ್ದ ವರದಿಗಳಲ್ಲಿ ಆ ವರ್ಷ ಸುತ್ತಿದ ಊರುಗಳ ವಿವರವಿರುತ್ತಿತ್ತು. ಗುಡಿಯ ಅಳತೆ, ವಿಗ್ರಹದ ಲಕ್ಷಣ, ಊರವರು ಹೇಳುವ ಐತಿಹ್ಯ, ಸಿಕ್ಕ ಓಲೆ, ತಾಮ್ರಪಟ ಎಲ್ಲವೂ ಅಲ್ಲಿವೆ. ನಾನು ಓದಿದ ಪ್ರವಾಸ ಸಾಹಿತ್ಯದಲ್ಲಿ ಇವುಗಳಷ್ಟು ಪ್ರಾಮಾಣಿಕವಾದದ್ದು ಕಡಿಮೆ. ಕಂಡದ್ದನ್ನು ಕಂಡಷ್ಟೇ ಬರೆದಿದ್ದಾರೆ.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವ ಕೆಲಸವನ್ನು ನಮ್ಮ ಬಳಗದ ಎಳೆಯರಿಗೆ ತೋರಿಸಬೇಕೆಂಬ ಆಸೆ ಹಿರಿಯರಿಗೆ ಯಾವಾಗಲೂ ಇತ್ತು. ಮೊದಲು ಬ್ರಷ್ಷಿನಿಂದ ಕಲ್ಲಿನ ಪಾಚಿ, ಎಣ್ಣೆಜಿಡ್ಡು ತೆಗೆದು ತೊಳೆಯಬೇಕು. ನೀರಲ್ಲಿ ನೆನೆಸಿದ ಕಾಗದವನ್ನು ಗಾಳಿ ಸೇರದ ಹಾಗೆ ಕಲ್ಲಿಗೆ ಹಾಸಿ, ದಪ್ಪ ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿಯುತ್ತ ಹೋದರೆ ಕಾಗದ ಅಕ್ಷರಗಳ ಗುಳಿಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಮಸಿಯ ಮೆತ್ತೆಯಿಂದ ಮೆಲ್ಲಗೆ ಒತ್ತಬೇಕು. ಮೇಲ್ಮೈ ಕಪ್ಪಾಗಿ, ಗುಳಿಬಿದ್ದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇದೇ ಪಡಿಯಚ್ಚು. ಕಲ್ಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಕಾಣದ ಒತ್ತು, ಸೊನ್ನೆಗಳು ಕಾಗದದಲ್ಲಿ ಎದ್ದುಬರುವುದನ್ನು ಒಮ್ಮೆ ಕಂಡ ಹುಡುಗ ಆಮೇಲೆ ಶಾಸನವನ್ನು ಬರಿಯ ಕಲ್ಲೆಂದು ದಾಟಿಹೋಗುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆ 1966ರಲ್ಲಿ ಊಟಿಯಿಂದ ಮೈಸೂರಿಗೇ ಬಂತು. ಇಂಥ ಪಡಿಯಚ್ಚುಗಳ ದೊಡ್ಡ ಭಂಡಾರ ನಮ್ಮ ನಗರದಲ್ಲೇ ಇದೆಯೆಂಬುದು ನಮ್ಮ ಕೇರಿಯ ಎಷ್ಟೋ ಜನಕ್ಕೆ ಇನ್ನೂ ತಿಳಿಯದು.

ವಾಹನದ ಮಾತಿಗೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲೂ ಜನ ಸುತ್ತುತ್ತಿದ್ದರು. ಅದಕ್ಕೆ ಜಾತ್ರೆ ಎನ್ನುತ್ತಿದ್ದರು. ನಂಜನಗೂಡಿನ ದೊಡ್ಡ ಜಾತ್ರೆ, ಮುಡುಕುತೊರೆಯ ತೇರು, ಚುಂಚನಕಟ್ಟೆ, ಸುತ್ತೂರು. ಮೈಸೂರು–ನಂಜನಗೂಡು ರೈಲು 1891ರಲ್ಲಿ ಓಡಾಡತೊಡಗಿದ ಮೇಲೆ ನಂಜುಂಡೇಶ್ವರನ ದರ್ಶನ ಒಂದು ಹೊತ್ತಿನ ಕೆಲಸವಾಯಿತು. ದಳವಾಯಿಗಳ ಕಾಲದಲ್ಲಿ, 1735ರ ಸುಮಾರಿಗೆ ಕಪಿಲೆಗೆ ಕಟ್ಟಿದ ಕಲ್ಲುಸೇತುವೆಯ ಮೇಲೆಯೇ ಆಮೇಲೆ ಹಳಿಯನ್ನೂ ಹಾಕಿದ್ದರಿಂದ ರಸ್ತೆ, ರೈಲು ಎರಡೂ ಅಕ್ಕಪಕ್ಕ ನದಿ ದಾಟುತ್ತಿದ್ದವು. ಈಗ ಹೊಸ ಸೇತುವೆಗಳು ಬಂದು ಅದು ಸ್ಮಾರಕವಾಗಿ ನಿಂತಿದೆ. ಆ ಕಮಾನುಗಳ ಕೆಳಗೆ ಐದು ನಿಮಿಷವಾದರೂ ನಿಲ್ಲದೆ ನಮ್ಮ ಗಾಡಿಗಳು ಮುಂದೆ ಹೋದದ್ದಿಲ್ಲ.

1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸ್ವಂತ ಸಾರಿಗೆ ಇಲಾಖೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಕೆಂಪು ಬಸ್ಸು ಹಳ್ಳಿಗಳಿಗೆ ಹೋಗತೊಡಗಿದ್ದರಿಂದ ಊರು ನೋಡುವ ಹವ್ಯಾಸ ಸಾಮಾನ್ಯರಿಗೂ ಎಟುಕಿತು. ಈಚಿನ ವರ್ಷಗಳಲ್ಲಿ ದಸರಾ ಹೊತ್ತಿಗೆ ಅದೇ ನಿಗಮ ಗಿರಿದರ್ಶಿನಿ, ಜಲದರ್ಶಿನಿ, ದೇವದರ್ಶಿನಿ ಎಂದು ಮೈಸೂರಿನಿಂದ ಒಂದು ದಿನದ ಬಸ್ಸುಗಳನ್ನು ಬಿಡುತ್ತದೆ. ಅವು ಒಳ್ಳೆಯ ಸೇವೆ. ಮನೆಗೆ ಬಂದ ನೆಂಟರನ್ನು ನಾವೇ ಹತ್ತಿಸಿ ಕಳಿಸಿದ್ದೇವೆ. ಆದರೆ ನಂಜನಗೂಡು, ಮುಡುಕುತೊರೆ, ತಲಕಾಡು, ಸೋಮನಾಥಪುರ, ಶ್ರೀರಂಗಪಟ್ಟಣ ಎಲ್ಲವೂ ಒಂದೇ ದಿನಕ್ಕೆಂದರೆ ಇಳಿದು ಹತ್ತುವುದರಲ್ಲೇ ಹೊತ್ತು ಹೋಗುತ್ತದೆ. ನಮ್ಮ ಬಳಗದಲ್ಲಿ ಬೇರೆಯದೇ ನಿಯಮ ಬೇರೂರಿತು: ಒಂದು ದಿನಕ್ಕೆ ಒಂದು ಹೋಬಳಿ, ಹೆಚ್ಚೆಂದರೆ ಒಂದು ತಾಲ್ಲೂಕು, ಹೆಸರಾದ ಜಾಗ ಒಂದಿದ್ದರೆ ಹೆಸರಿಲ್ಲದ ಜಾಗ ಎರಡಾದರೂ ಇರಬೇಕು. ಹೋಗುವ ಊರಿನ ಶಾಸನಗಳ ಪಾಠವನ್ನು ಹಿಂದಿನ ವಾರವೇ ಓದಿಕೊಂಡಿರಬೇಕು. ಬುತ್ತಿ ಮನೆಯಿಂದಲೇ. ಪುಳಿಯೋಗರೆ, ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬಿಗಳು ಟ್ರಾವೆಲರಿನ ಹಿಂದಿನ ಸೀಟಿನಲ್ಲಿ. ಎಲೆಯನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ಹಳ್ಳಿಯಲ್ಲಿ ಬಿಟ್ಟುಬರಕೂಡದು. ಈ ಕಟ್ಟುಪಾಡನ್ನು ಹಾಕಿ ಪಾಲಿಸಿದವರು ಬಳಗದ ಹೆಂಗಸರು. ಗಾಡಿ ಹೊರಡುವ ಮುಂಚೆ ಚೀಲ ಎಣಿಸುತ್ತಿದ್ದವರೂ ಅವರೇ.

ಸೋಮನಾಥಪುರಕ್ಕೆ ನಾವು ಮತ್ತೆ ಮತ್ತೆ ಹೋಗಿದ್ದೇವೆ, ಇನ್ನೂ ಹೋಗುತ್ತೇವೆ. ಬನ್ನೂರಿನ ದಾರಿಯಾಗಿ ಒಂದು ಗಂಟೆಯ ಓಟ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ದಂಡನಾಯಕ ಸೋಮನಾಥ 1258ರಲ್ಲಿ ಮಾಡಿದ್ದು ಕೇಶವನ ಗುಡಿಯೊಂದನ್ನೇ ಅಲ್ಲ. ತನ್ನ ಹೆಸರಿನಲ್ಲಿ ಒಂದು ಅಗ್ರಹಾರವನ್ನೇ ನೆಲೆಗೊಳಿಸಿದ. ಮಹಾಜನರಿಗೆ ವೃತ್ತಿಗಳು, ದೇವರ ಸೇವೆಗೆ ಭೂಮಿ, ಯಾವ ಊರಿನ ಹುಟ್ಟುವಳಿ ಯಾವುದಕ್ಕೆ ಎಂಬ ವಿವರವನ್ನು ಹೊತ್ತ ಎತ್ತರದ ಶಾಸನ ಬಾಗಿಲ ಮಂಟಪದಲ್ಲೇ ನಿಂತಿದೆ. ಟಿಕೆಟ್ಟು ಕೊಂಡು ಬಂದವರಲ್ಲಿ ನೂರಕ್ಕೆ ತೊಂಬತ್ತು ಜನ ಅದರ ಪಕ್ಕದಲ್ಲೇ ಹಾದು ನಕ್ಷತ್ರಾಕಾರದ ಜಗತಿಯ ಕಡೆ ನಡೆಯುತ್ತಾರೆ. ನಾವು ಮೊದಲು ಅಲ್ಲಿ ನಿಲ್ಲುತ್ತೇವೆ. ಆ ಕಲ್ಲನ್ನು ಓದದೆ ಒಳಗಿನ ಶಿಲ್ಪ ನೋಡುವುದು ಮದುವೆಯ ಊಟ ಉಂಡು, ಮದುವೆ ಯಾರದೆಂದು ಕೇಳದೆ ಎದ್ದುಹೋದಂತೆ.

ಒಳಗೆ ಹೋದರೆ ಮೂರು ಗರ್ಭಗುಡಿ. ಜನಾರ್ದನ, ವೇಣುಗೋಪಾಲರಿದ್ದಾರೆ, ಮೂಲ ಕೇಶವ ವಿಗ್ರಹ ಈಗಿಲ್ಲ. ಸುತ್ತಲ ಕೈಸಾಲೆಯಲ್ಲಿ 64 ಕೋಷ್ಠಗಳು. ಹೊರಗೋಡೆಯ ವಿಗ್ರಹಗಳ ಪಾದಪೀಠವನ್ನು ಬಗ್ಗಿ ನೋಡಬೇಕು. ಮಲ್ಲಿತಮ್ಮ ಎಂಬ ರೂವಾರಿ ಕೆಲವು ಕಡೆ ಪೂರ್ಣ ಹೆಸರು, ಕೆಲವು ಕಡೆ 'ಮಲ್ಲಿ', ಕೆಲವು ಕಡೆ ಬರಿಯ 'ಮ' ಎಂದು ಕೆತ್ತಿದ್ದಾನೆ. ಮಸಣಿತಮ್ಮ, ಬಾಲೆಯ, ಚೌಡೆಯರ ಹೆಸರುಗಳೂ ಇವೆ. ನರಸಿಂಹಾಚಾರ್ಯರು 1917ರಲ್ಲಿ ಈ ಗುಡಿಯ ಮೇಲೆ ಬರೆದ ಪುಸ್ತಕ ಇಲಾಖೆಯ ಶಿಲ್ಪಮಾಲಿಕೆಯ ಮೊದಲ ಸಂಖ್ಯೆ. ಈ ಹೆಸರುಗಳನ್ನು ಓದುಗರ ಮುಂದಿಟ್ಟದ್ದು ಅದು. ಮಕ್ಕಳಿಗೆ ನಾವು ಒಪ್ಪಿಸುವ ಕೆಲಸವೂ ಇದೇ: ಮಲ್ಲಿತಮ್ಮನ ರುಜು ಹುಡುಕುವುದು. ದೊಡ್ಡವರಿಗಿಂತ ಅವರಿಗೇ ಬೇಗ ಸಿಗುತ್ತದೆ, ಎತ್ತರ ಅನುಕೂಲವಲ್ಲವೇ.

2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಸೋಮನಾಥಪುರವೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂತೋಷದ ಸಂಗತಿಯೇ. ಆದರೆ ಅದೇ ದಂಡನಾಯಕನ ಕಾಲದ ಪಂಚಲಿಂಗೇಶ್ವರ ಗುಡಿ ಅದೇ ಊರಿನಲ್ಲಿ ಪಾಳುಬಿದ್ದಿದೆ, ಅಲ್ಲಿ ಒಬ್ಬ ಪ್ರವಾಸಿಯೂ ಕಾಣುವುದಿಲ್ಲ. ನಾವು ಅಲ್ಲಿಗೂ ಹೋಗಿ ಕೂರುತ್ತೇವೆ. ವೃತ್ತಿ ಪಡೆದ ಮಹಾಜನರ ಮನೆಗಳ ಸಾಲು ಎಲ್ಲಿತ್ತೋ, ನೆಲದ ಮೇಲೆ ಕುರುಹು ಇಲ್ಲ. ಸುತ್ತಲೂ ಭತ್ತದ ಗದ್ದೆ ಮಾತ್ರ ಅಂದಿನಂತೆ ನಾಟಿಯಾಗುತ್ತಿದೆ. ಗದ್ದೆ ಕೊಟ್ಟವರ ಹೆಸರು ಶಾಸನದಲ್ಲಿದೆ, ಪಡೆದವರ ವಿವರವಿದೆ, ಉತ್ತವರದು ಎಲ್ಲಿದೆ? ನಮ್ಮ ಸಂಚಾರದ ದಿಕ್ಕು ಬದಲಾಗಿದ್ದು ಈ ಪ್ರಶ್ನೆಯಿಂದಲೇ.

ಉತ್ತರ ಸಿಕ್ಕಿದ್ದು ವೀರಗಲ್ಲುಗಳಲ್ಲಿ. ನಗರದ ಅಂಚಿಗೇ ಇರುವ ವರುಣದಂಥ ಊರುಗಳಲ್ಲಿ ಗಂಗರ ಕಾಲದ ಗುಡಿ, ವೀರಗಲ್ಲುಗಳನ್ನು ನೋಡಿ ಕಣ್ಣು ಪಳಗಿಸಿಕೊಂಡ ಮೇಲೆ ದಾರಿಯುದ್ದಕ್ಕೂ ಅವು ಕಾಣತೊಡಗಿದವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕೆಲವೊಮ್ಮೆ ಪಕ್ಕದಲ್ಲಿ ದನಗಳ ಹಿಂಡು. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವ್ಯಕ್ತಿ. ತುರು ಹಿಡಿದವರೊಡನೆ ಕಾದಿ ಸತ್ತ ಊರವನ ಹೆಸರು ಇಲ್ಲಿ ಉಂಟು. ದಾನಶಾಸನ ಓದುವುದಕ್ಕೆ ನಮ್ಮ ಹಿರಿಯರ ಸಂಸ್ಕೃತ ಸಾಕಾಗಿತ್ತು. ವೀರಗಲ್ಲಿನ ಹಳಗನ್ನಡ ಓದುವುದಕ್ಕೆ ಹಳ್ಳಿಯವರ ಮಾತಿನ ಸಹಾಯ ಬೇಕಾಯಿತು. ಎಷ್ಟೋ ಹಳೆಯ ಪದಗಳು ಅವರ ಬಾಯಲ್ಲಿ ಇನ್ನೂ ಬದುಕಿವೆ.

ತಲಕಾಡಿನ ಬಗ್ಗೆ ಹೇಳಲೇಬೇಕು. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪದ ಕತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. 2006, 2009, 2013, 2020ರ ಪಂಚಲಿಂಗ ದರ್ಶನಕ್ಕೆ ನಮ್ಮ ಕೇರಿಯಿಂದ ಹೋಗಿಬಂದವರು ಎಷ್ಟೋ ಜನ. ಆದರೆ ಬಳಗದ ಸಂಚಾರವನ್ನು ನಾವು ಜನಜಂಗುಳಿ ಇಲ್ಲದ ದಿನವೇ ಇಟ್ಟುಕೊಳ್ಳುತ್ತೇವೆ. ಗಂಗರ ರಾಜಧಾನಿಯಾಗಿದ್ದ ಈ ಊರು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಕೈಸೇರಿ ರಾಜರಾಜಪುರವಾಯಿತು, ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು 'ತಲಕಾಡುಗೊಂಡ' ಎನ್ನಿಸಿಕೊಂಡು 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಮರಳಿಗೆ ಕಾರಣ ಹುಡುಕಿದವರು ನದಿಯ ತಿರುವು, ಬೇಸಿಗೆಯ ಗಾಳಿ, ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯಿಂದ ಹರಿವು ಬದಲಾದದ್ದು ಇವುಗಳ ಕಡೆ ಕೈತೋರಿಸುತ್ತಾರೆ. ಅದೇ ಕಟ್ಟೆಯಿಂದ ಹೊರಟ ನಾಲೆ ಇವತ್ತಿಗೂ ಗದ್ದೆಗೆ ನೀರುಣಿಸುತ್ತಿದೆ. ಕತೆಯನ್ನೂ ಕಟ್ಟೆಯನ್ನೂ ಒಂದೇ ದಿನ ತೋರಿಸಬೇಕು ಎಂಬುದು ನಮ್ಮ ಪದ್ಧತಿ. ಶಾಪ ಕೇಳಿ ಬೆಳೆದ ಮಕ್ಕಳಿಗೆ ನಾಲೆಯ ತೂಬಿನ ಮೇಲೆ ಕಾಲು ಇಳಿಬಿಟ್ಟು ಕೂರುವ ಅವಕಾಶವೂ ಸಿಗಬೇಕಲ್ಲ.

ನಂಜನಗೂಡು ತಾಲ್ಲೂಕಿನಲ್ಲಿ ಹದಿನಾರು, ಕಳಲೆ, ಹೆಡತಲೆ ಎಲ್ಲ ಆದವು. 1399ರಲ್ಲಿ ದ್ವಾರಕೆಯಿಂದ ಬಂದ ಅಣ್ಣತಮ್ಮಂದಿರ ಕತೆಗೂ ಮೈಸೂರು ಅರಸು ಮನೆತನಕ್ಕೂ ಹದಿನಾರೇ ಬೇರು. ಕಳಲೆ ದಳವಾಯಿಗಳ ಊರು. ಇವು ಯಾವ ಚರ್ಚೆಗೂ ಎಡೆಕೊಡಲಿಲ್ಲ. ಚರ್ಚೆ ಎದ್ದದ್ದು ಬದನವಾಳಿಗೆ ಹೋಗೋಣ ಎಂದಾಗ.

ತಗಡೂರು ರಾಮಚಂದ್ರರಾಯರಂಥವರ ದುಡಿಮೆಯಿಂದ ಈ ಸೀಮೆಯಲ್ಲಿ ಖಾದಿ ಬೇರೂರಿತು. 1927ರಲ್ಲಿ ಗಾಂಧೀಜಿ ಬದನವಾಳಿಗೆ ಬಂದಿದ್ದರು. ನೂಲುವ, ನೇಯುವ ಹೆಣ್ಣುಮಕ್ಕಳ ಅಲ್ಲಿನ ಖಾದಿ ಕೇಂದ್ರ ಪ್ರವಾಸದ ಪಟ್ಟಿಗೆ ಸೇರಬೇಕೆಂಬುದಕ್ಕೆ ಎಲ್ಲರೂ ಒಪ್ಪಿದರು. ಆದರೆ ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಖಾದಿಯ ಮಾತಾಡಿ ಇದನ್ನು ಮುಚ್ಚಿಡಬಹುದೇ? ಮಕ್ಕಳ ಮುಂದೆ ಬೇಡ ಎಂದವರಿದ್ದರು, ಮಕ್ಕಳ ಮುಂದೆಯೇ ಬೇಕು ಎಂದವರಿದ್ದರು. ಕೊನೆಗೆ ಎರಡನ್ನೂ ಹೇಳಿಯೇ ಊರೊಳಗೆ ಕಾಲಿಡುವುದೆಂದು ತೀರ್ಮಾನವಾಯಿತು. ಬಳಗದ ನಡಾವಳಿಗಳಲ್ಲಿ ನಾನು ಅತಿ ಹೆಚ್ಚು ಗೌರವಿಸುವ ತೀರ್ಮಾನ ಅದು. ಗುಡಿಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಕೇಳದೆ ಗುಡಿಗಳನ್ನು ನೋಡುತ್ತ ಬಂದ ನಮ್ಮಂಥ ಕೇರಿಯವರು ಈ ಮಾತನ್ನು ಗಟ್ಟಿಯಾಗಿ ಆಡಲೇಬೇಕಿತ್ತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅದೇ ಬದನವಾಳನ್ನು ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡರು. ಆಗ ನಮ್ಮವರು ಆ ಊರಿನ ಬಗ್ಗೆ ಮತ್ತೆ ಓದಿದರು.

ಹೆಗ್ಗಡದೇವನಕೋಟೆಯ ಕಡೆ ನಾವು ಹೋಗುವುದು ಕಡಿಮೆ. ದೂರವೂ ಹೌದು, ಕಾಡಿನ ನಿಯಮಗಳೂ ಇವೆ. ಆನೆ ಹಿಡಿಯುವ ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು, 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ನೀರಿನಡಿಗೆ ಹೋದ ಊರುಗಳ ಜನ, ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳು ಅಲ್ಲಿವೆ. ಹಾಡಿಗೆ ಕಾರು ನುಗ್ಗಿಸಿ ಫೋಟೋ ತೆಗೆಯುವುದು ನಮ್ಮಲ್ಲಿ ನಿಷಿದ್ಧ. ಕರೆದರೆ ಮಾತ್ರ ಹೋಗಬೇಕು.

ಜಿಲ್ಲೆಯ ಗಡಿಯ ವಿಷಯ ಒಂದು ಮಾತು. ಮಂಡ್ಯ 1939ರಲ್ಲಿ, ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾದವು. ಬಳಗದ ನಿಯಮಾವಳಿಯಲ್ಲಿ 'ಮೈಸೂರು ಜಿಲ್ಲೆ' ಎಂದು ಇದ್ದರೂ ನಾವು ಅದನ್ನು ರೈಸ್ ಅವರ ಮೂರು, ನಾಲ್ಕನೆಯ ಸಂಪುಟಗಳ ಜಿಲ್ಲೆ ಎಂದೇ ಅರ್ಥಮಾಡಿಕೊಂಡು ಬಂದಿದ್ದೇವೆ. ಹಾಗಾಗಿ ಯಳಂದೂರು, ನಾಗಮಂಗಲಗಳೂ ನಮ್ಮವೇ.

ಈಗ ಕೆಲಸದ ಮಾತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಎಪಿಗ್ರಾಫಿಯಾದ ಪರಿಷ್ಕೃತ ಸಂಪುಟಗಳಲ್ಲಿ ರೈಸ್ ಅವರಿಗೆ ಸಿಗದಿದ್ದ ಶಾಸನಗಳೂ ಸೇರಿವೆ. ಆದರೆ ಅಚ್ಚಾದ ಮೇಲೆ ರಸ್ತೆ ಅಗಲ ಮಾಡುವಾಗ, ಗುಡಿಗೆ ಟೈಲ್ಸ್ ಹಾಕುವಾಗ, ಕಲ್ಲು ಒಡೆಯುವಾಗ ಎಷ್ಟು ಉಳಿದವು, ಎಷ್ಟು ಹೋದವು ಎಂಬ ಲೆಕ್ಕವನ್ನು ಊರೂರಿಗೆ ಹೋಗುವ ನಮ್ಮಂಥವರೇ ಇಡಬೇಕು. ಮುಂದಿನ ಸರದಿ ಕೃಷ್ಣರಾಜನಗರದ ಕಡೆಯದು. ಎಡತೊರೆಯ ಅರ್ಕೇಶ್ವರನ ಗುಡಿಯಲ್ಲಿ ಆರಂಭಿಸಿ, ಚುಂಚನಕಟ್ಟೆಯಲ್ಲಿ ಊಟ ಮಾಡಿ, ಸಾಲಿಗ್ರಾಮದ ಕಡೆಯ ಹಳ್ಳಿಗಳಿಗೆ ಮಧ್ಯಾಹ್ನ ಹೋಗುವುದೆಂದು ಗೊತ್ತುಮಾಡಿದೆ. ಸಂಪುಟದ ಪಟ್ಟಿಯನ್ನು ಹಳ್ಳಿವಾರು ಬರೆದು ಬಳಗದ ಕಚೇರಿಯಲ್ಲಿ ಇಟ್ಟಿದ್ದೇವೆ. ಬರುವವರು ತಮ್ಮ ಪಾಲಿನ ಒಂದು ಹಳ್ಳಿಯನ್ನು ಆರಿಸಿಕೊಂಡು, ಅದರ ಶಾಸನಗಳನ್ನು ಓದಿಕೊಂಡು ಬರಲಿ. ಕಲ್ಲು ಸಿಕ್ಕರೆ ಅದರ ಈಗಿನ ಜಾಗ, ಸ್ಥಿತಿ, ಒಂದು ಫೋಟೋ. ಸಿಗದಿದ್ದರೆ ಊರವರು ಏನು ಹೇಳಿದರು ಎಂಬುದು. ಇಷ್ಟನ್ನು ಪುಸ್ತಕದಲ್ಲಿ ಬರೆದು, ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ತಲುಪಿಸುವ ಜವಾಬ್ದಾರಿ ಕಾರ್ಯದರ್ಶಿಗಳದು.